ಜಾರುವ ಮುನ್ನ: ದೀರ್ಘ ಚಾರಣದಲ್ಲಿ ಐಸ್ ಆ್ಯಕ್ಸ್ ಮತ್ತು ಹಿಮದ ಸುರಕ್ಷತೆ

ಅಮೆರಿಕದ ಪಶ್ಚಿಮ ಭಾಗದಲ್ಲಿ, ಮೆಕ್ಸಿಕೋ ಗಡಿಯ ಕ್ಯಾಂಪೋ ಎಂಬ ಊರಿನ ಬಳಿ ಆರಂಭವಾಗಿ ಕ್ಯಾಲಿಫೋರ್ನಿಯಾ, ಆರೆಗನ್, ವಾಷಿಂಗ್ಟನ್ ರಾಜ್ಯಗಳ ಬೆಟ್ಟಸಾಲುಗಳನ್ನು ಹಿಡಿದು ಕೆನಡಾದ ಗಡಿಯವರೆಗೆ ಸಾಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸುಮಾರು 4,265 ಕಿಲೋಮೀಟರ್ ಉದ್ದದ ಕಾಲುದಾರಿಯಾಗಿದ್ದು, 1968ರ ಕಾಯ್ದೆಯ ಮೂಲಕ ಅದಕ್ಕೆ ರಾಷ್ಟ್ರೀಯ ಕಾಲುದಾರಿಯ ಸ್ಥಾನ ದೊರೆಯಿತು. ಚಾರಣಿಗರ ಬಾಯಲ್ಲಿ ಪಿಸಿಟಿ ಎನಿಸಿಕೊಂಡಿರುವ ಈ ದಾರಿಯನ್ನು ಒಂದೇ ವರ್ಷದಲ್ಲಿ ಪೂರ್ತಿ ನಡೆಯಲು ಹೊರಡುವವರಲ್ಲಿ ಬಹುಪಾಲು ಮಂದಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಾರೆ, ಮತ್ತು ಅವರೆಲ್ಲರನ್ನೂ ಒಂದೇ ಇಕ್ಕಟ್ಟು ಕಾಡುತ್ತದೆ: ತಡವಾಗಿ ಹೊರಟರೆ ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯ ಬಿಸಿಲು ತಾಳಲಾಗದಷ್ಟು ಏರಿರುತ್ತದೆ ಮತ್ತು ಅಕ್ಟೋಬರಿನ ಹೊತ್ತಿಗೆ ವಾಷಿಂಗ್ಟನ್ನಿನ ಬೆಟ್ಟಗಳಲ್ಲಿ ಹೊಸ ಹಿಮ ಬೀಳತೊಡಗುತ್ತದೆ, ಬೇಗ ಹೊರಟರೆ ಸಿಯೆರಾ ನೆವಾಡಾದ ಎತ್ತರದ ಪಾಸ್‌ಗಳಲ್ಲಿ, ಅಂದರೆ ಶಿಖರಗಳ ನಡುವಿನ ದಾಟುದಾರಿಗಳಲ್ಲಿ, ಹಿಂದಿನ ಚಳಿಗಾಲದ ಹಿಮ ಇನ್ನೂ ಕರಗಿರುವುದಿಲ್ಲ. ಸುಮಾರು 1,130 ಕಿಲೋಮೀಟರ್ ನಡೆದು ಕೆನಡಿ ಮೆಡೋಸ್ ಎಂಬ ತಾಣವನ್ನು ತಲುಪುವ ಚಾರಣಿಗ, ಅಲ್ಲಿಂದ ಮುಂದೆ ಕೆಲವೇ ದಿನಗಳಲ್ಲಿ 4,009 ಮೀಟರ್ ಎತ್ತರದ ಫಾರೆಸ್ಟರ್ ಪಾಸನ್ನು, ಅದರ ಬೆನ್ನಿಗೇ ಗ್ಲೆನ್, ಪಿಂಚೊ, ಮೇದರ್, ಮ್ಯೂರ್ ಪಾಸ್‌ಗಳನ್ನು ಒಂದಾದ ಮೇಲೊಂದರಂತೆ ದಾಟಬೇಕಾಗುತ್ತದೆ.

ಇವರು ಪರ್ವತಾರೋಹಿಗಳಲ್ಲ ಎಂಬುದೇ ಸಮಸ್ಯೆಯ ತಿರುಳು. ಪರ್ವತಾರೋಹಿಯು ಹಿಮವನ್ನೇ ಅರಸಿ ಹೋಗುವವನಾದ್ದರಿಂದ ಅದಕ್ಕೆ ತಕ್ಕ ಗಟ್ಟಿ ಬೂಟು, ಹಗ್ಗ ಮತ್ತು ತರಬೇತಿಯೊಂದಿಗೆ ಹೋಗುತ್ತಾನೆ. ದೀರ್ಘ ಚಾರಣಿಗನಾದರೋ ಹಗುರವಾದ ಓಟದ ಬೂಟು ತೊಟ್ಟು, ಬೆನ್ನಿನ ಹೊರೆಯ ಒಂದೊಂದು ಗ್ರಾಮನ್ನೂ ಲೆಕ್ಕ ಹಾಕಿ, ತಿಂಗಳುಗಟ್ಟಲೆ ನಡೆಯುವ ದಾರಿಯ ಒಂದು ಭಾಗವಾಗಿ ಮಾತ್ರ ಹಿಮವನ್ನು ಎದುರಿಸುತ್ತಾನೆ. ಹೀಗಿರುವಾಗ ಅವನಿಗೆ ಐಸ್ ಆ್ಯಕ್ಸ್ ಬೇಕೆ, ಬೇಕಾದರೆ ಅದರಿಂದ ಏನನ್ನು ಮಾಡಲು ಕಲಿತಿರಬೇಕು, ಅದೊಂದರಿಂದಲೇ ಅವನ ಸಿದ್ಧತೆ ಪೂರ್ಣವಾಗುತ್ತದೆಯೆ ಎಂಬ ಪ್ರಶ್ನೆಗಳು ಪ್ರತಿ ವಸಂತದಲ್ಲೂ ಹೊಸದಾಗಿ ಏಳುತ್ತವೆ.

ಪ್ರಶ್ನೆಗೆ ಒಂದೇ ಉತ್ತರ ಸಿಗದಿರಲು ಮೊದಲ ಕಾರಣ ಸಿಯೆರಾದ ಹಿಮವೇ. ಕ್ಯಾಲಿಫೋರ್ನಿಯಾದಲ್ಲಿ ಏಪ್ರಿಲ್ ಆರಂಭದ ಹೊತ್ತಿಗೆ ಬೆಟ್ಟಗಳಲ್ಲಿ ಉಳಿದಿರುವ ಹಿಮವನ್ನು, ಅದು ಕರಗಿದರೆ ಎಷ್ಟು ನೀರಾಗುತ್ತದೆ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಈ ಅಳತೆಗೆ ತಳಹದಿ ಹಾಕಿದವರು ನೆವಾಡಾ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷೆಗಳ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಚರ್ಚ್. ಟಾಹೋ ಸರೋವರದ ಬಳಿಯ ಮೌಂಟ್ ರೋಸ್‌ನಲ್ಲಿ ಅವರು ರೂಪಿಸಿದ ಕೊಳವೆಯನ್ನು ಹಿಮದೊಳಕ್ಕೆ ಇಳಿಸಿ, ಹೊರತೆಗೆದು, ತೂಗಿ ನೋಡುವ ಕ್ರಮ ಇಂದಿಗೂ ಬಳಕೆಯಲ್ಲಿದೆ. 2015ರ ಏಪ್ರಿಲ್ ಆರಂಭದಲ್ಲಿ ರಾಜ್ಯದ ಹಿಮಸಂಗ್ರಹ ವಾಡಿಕೆಯ ಪ್ರಮಾಣದ ಕೇವಲ ಶೇಕಡಾ 5ರಷ್ಟಿದ್ದರೆ, 2023ರ ಅದೇ ಹೊತ್ತಿಗೆ ಶೇಕಡಾ 237ರಷ್ಟಿತ್ತು. ಮೊದಲನೆಯ ವರ್ಷ ಜೂನ್ ತಿಂಗಳಲ್ಲಿ ಫಾರೆಸ್ಟರ್ ಪಾಸ್ ದಾಟಿದವನು ಐಸ್ ಆ್ಯಕ್ಸ್ ವ್ಯರ್ಥ ಭಾರವೆಂದು ಹೇಳಿದರೆ ಅದು ಅವನ ಮಟ್ಟಿಗೆ ನಿಜವೇ. ಅವನ ಮಾತನ್ನು ನಂಬಿ ಎರಡನೆಯ ವರ್ಷ ಬರಿಗೈಯಲ್ಲಿ ಹೊರಟವನಿಗೆ ಮಾತ್ರ ಅದು ಮಾರಕವಾಗಬಲ್ಲ ಸಲಹೆ. ಆದ್ದರಿಂದ ಹಿಂದಿನವರ ಅನುಭವಕ್ಕಿಂತ ಆ ವರ್ಷದ ಅಳತೆಗೆ ಹೆಚ್ಚಿನ ಬೆಲೆ ಕೊಡುವುದು ಸಿದ್ಧತೆಯ ಮೊದಲ ಹೆಜ್ಜೆಯಾಗುತ್ತದೆ.

ಹಿಮವನ್ನು ಕುರಿತ ಮಾತಿನಲ್ಲಿ ಕನ್ನಡಕ್ಕೆ ಒಂದು ಸಹಜ ತೊಡಕಿದೆ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಮಂಜು ಎಂದರೆ ಬೆಳಗಿನ ಹೊತ್ತು ಕಣಿವೆಯನ್ನು ತುಂಬುವ ಮುಸುಕು. ಪುಸ್ತಕಗಳಲ್ಲಿ ಅದೇ ಪದ ಆಕಾಶದಿಂದ ಬೀಳುವ ಬಿಳಿ ಹಳಕುಗಳಿಗೂ, ಕೆಲವೊಮ್ಮೆ ಗಡ್ಡೆಗಟ್ಟಿದ ನೀರಿಗೂ ಬಳಕೆಯಾಗುತ್ತದೆ. ಸುರಕ್ಷತೆಯ ವಿಚಾರದಲ್ಲಿ ಈ ಬೆರಕೆ ಸಲ್ಲದು. ಇಲ್ಲಿ ಬಿದ್ದು ಶೇಖರಗೊಂಡದ್ದನ್ನು ಹಿಮವೆಂದೂ, ಪೂರ್ತಿ ಘನವಾಗಿ ಗಾಜಿನಂತಾದದ್ದನ್ನು ಮಂಜುಗಡ್ಡೆಯೆಂದೂ ಕರೆಯಲಾಗಿದೆ, ಏಕೆಂದರೆ ಮೊದಲನೆಯದರಲ್ಲಿ ಕಾಲಿನಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಬಹುದು, ಎರಡನೆಯದರಲ್ಲಿ ಅದು ಆಗದು. ಬೇಸಿಗೆಯ ಸಿಯೆರಾದಲ್ಲಿ ಒಂದೇ ಇಳಿಜಾರು ಒಂದೇ ದಿನದಲ್ಲಿ ಇವೆರಡರ ನಡುವೆ ಓಡಾಡುತ್ತದೆ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ಆ ನೀರು ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟಿ, ಮುಂಜಾನೆಯ ಹೊತ್ತಿಗೆ ಮೇಲ್ಮೈ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಬಿಸಿಲು ತಾಕಿದ ಒಂದೆರಡು ಗಂಟೆಗಳಲ್ಲಿ ಬೂಟಿನ ಅಂಚು ಕಚ್ಚುವಷ್ಟು ಮೃದುವಾಗುತ್ತದೆ. ಮಧ್ಯಾಹ್ನದ ನಂತರ ಹೆಜ್ಜೆಯಿಟ್ಟಲ್ಲೆಲ್ಲ ಮೊಣಕಾಲಿನವರೆಗೆ, ಕೆಲವೆಡೆ ತೊಡೆಯವರೆಗೆ ಕಾಲು ಹೂತುಹೋಗುತ್ತದೆ. ಹೂತ ಕಾಲು ಅಡಗಿದ ಬಂಡೆಗಳ ಸಂದಿಗೆ ಸಿಕ್ಕಿ ಮುರಿಯುವುದೂ ಉಂಟು. ಹೀಗಾಗಿ ಹಿಮದ ಮೇಲೆ ನಡೆಯುವವರು ನಸುಕಿನ ಮೂರು ನಾಲ್ಕು ಗಂಟೆಗೇ ಎದ್ದು ಹೊರಟು, ಕಡಿದಾದ ಭಾಗವನ್ನು ಅದು ಸ್ವಲ್ಪವೇ ಸಡಿಲಗೊಂಡ ಹೊತ್ತಿಗೆ ದಾಟುವಂತೆ ಗಡಿಯಾರವನ್ನು ಹೊಂದಿಸಿಕೊಳ್ಳುತ್ತಾರೆ.

ಜಾರಿದವನು ಎಷ್ಟು ಬೇಗ ಎಷ್ಟು ವೇಗ ಪಡೆಯುತ್ತಾನೆಂಬುದು ಅಂದಾಜಿಗೆ ಸುಲಭವಾಗಿ ದಕ್ಕುವುದಿಲ್ಲ. 35 ಡಿಗ್ರಿಯ ಗಟ್ಟಿ ಹಿಮದ ಇಳಿಜಾರನ್ನು, ಮಳೆಯಂಗಿಯ ನೈಲಾನ್ ಬಟ್ಟೆಗೂ ಹಿಮಕ್ಕೂ ನಡುವಿನ ಘರ್ಷಣಾಂಕವನ್ನು 0.1 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಜಾರಿದ ಒಂದು ಸೆಕೆಂಡಿನ ಕೊನೆಗೆ ದೇಹ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿರುತ್ತದೆ ಮತ್ತು ಎರಡೂವರೆ ಮೀಟರಿನಷ್ಟು ಮಾತ್ರ ಕೆಳಗೆ ಬಂದಿರುತ್ತದೆ. ಎರಡನೆಯ ಸೆಕೆಂಡಿಗೆ ವೇಗ 35ಕ್ಕೆ ಏರಿ, ದೇಹ ಹತ್ತು ಮೀಟರಿನ ಹತ್ತಿರ ಕೆಳಗೆ ಬಂದಿರುತ್ತದೆ. ಮೂರನೆಯದಕ್ಕೆ ವೇಗ 50ನ್ನು ಮೀರಿ, ಇಪ್ಪತ್ತೊಂದು ಇಪ್ಪತ್ತೆರಡು ಮೀಟರ್ ಕೆಳಗಿರುತ್ತದೆ. ಮೊದಲ ಸೆಕೆಂಡಿನಲ್ಲಿ ನಿಲ್ಲಿಸಬಹುದಾದ ದೇಹವನ್ನು ಮೂರನೆಯ ಸೆಕೆಂಡಿನಲ್ಲಿ ನಿಲ್ಲಿಸುವುದು ಬಹುಮಟ್ಟಿಗೆ ಅಸಾಧ್ಯವೆಂದು ಈ ಸರಳ ಲೆಕ್ಕವೇ ಹೇಳುತ್ತದೆ. ಇದರ ಜೊತೆಗೆ ಇಳಿಜಾರಿನ ಕೋನಕ್ಕಿಂತಲೂ ಮುಖ್ಯವಾದದ್ದು ಅದರ ತಳ: ಜಾರಿದವನು ಕೊನೆಗೆ ಸಮತಟ್ಟಾದ ಹಿಮದ ಮೈದಾನಕ್ಕೆ ಬಂದು ನಿಲ್ಲುತ್ತಾನೆಯೆ, ಬಂಡೆಗಳಿಗೆ, ಮರಗಳಿಗೆ, ಪ್ರಪಾತಕ್ಕೆ ಅಥವಾ ಅರೆಹೆಪ್ಪುಗಟ್ಟಿದ ಕೊಳಕ್ಕೆ ಬೀಳುತ್ತಾನೆಯೆ ಎಂಬುದನ್ನು ಇಳಿಜಾರಿಗೆ ಕಾಲಿಡುವ ಮೊದಲೇ ನೋಡಿಕೊಳ್ಳಬೇಕು.

ಈ ಮೊದಲ ಸೆಕೆಂಡಿಗಾಗಿಯೇ ಐಸ್ ಆ್ಯಕ್ಸ್ ಇದೆ. ಹೆಸರಿನಲ್ಲಿ ಕೊಡಲಿ ಇದ್ದರೂ ರೂಪದಲ್ಲಿ ಅದು ಕನ್ನಡ ನಾಡಿನ ಪಿಕಾಸಿಗೆ ಹತ್ತಿರದ್ದು. ತಲೆಯ ಒಂದು ಕಡೆ ಕೆಳಮುಖವಾಗಿ ಬಾಗಿದ, ಹಲ್ಲುಗಳುಳ್ಳ ಚೂಪಾದ ಕೊಕ್ಕು. ಇನ್ನೊಂದು ಕಡೆ ಬಡಗಿಯ ಬಾಚಿಯಂತೆ ಅಗಲವಾದ ಅಲಗು. ತಲೆಯ ಕೆಳಗೆ ಕಾವು. ಕಾವಿನ ತುದಿಯಲ್ಲಿ ಹಿಮಕ್ಕೆ ಊರುವ ಲೋಹದ ಮೊನೆ. ಆಲ್ಪ್ಸ್ ಪರ್ವತದ ಮಾರ್ಗದರ್ಶಿಗಳು ಹಿಂದೆ ಹೊತ್ತೊಯ್ಯುತ್ತಿದ್ದ ಉದ್ದ ಊರುಗೋಲು ಮತ್ತು ಮೆಟ್ಟಿಲು ಕಡಿಯುವ ಸಣ್ಣ ಕೊಡಲಿ 19ನೆಯ ಶತಮಾನದಲ್ಲಿ ಒಂದೇ ಉಪಕರಣವಾಗಿ ಕೂಡಿಕೊಂಡದ್ದರಿಂದ ಇದು ಹುಟ್ಟಿತು. 1953ರಲ್ಲಿ ಕೆ2 ಶಿಖರದ ಮೇಲೆ ಜಾರಿದ ಐವರು ಸಂಗಾತಿಗಳನ್ನು ಅಮೆರಿಕದ ಪೀಟ್ ಶೋನಿಂಗ್ ಬಂಡೆಯ ಹಿಂದೆ ಊರಿದ್ದ ಐಸ್ ಆ್ಯಕ್ಸ್ ಮತ್ತು ಹಗ್ಗದ ಬಲದಿಂದ ಒಬ್ಬರೇ ತಡೆದು ನಿಲ್ಲಿಸಿದರು. ಆ ಉಪಕರಣ ಈಗ ಕೊಲೊರಾಡೊದ ಗೋಲ್ಡನ್ ಪಟ್ಟಣದ ಪರ್ವತಾರೋಹಣ ವಸ್ತುಸಂಗ್ರಹಾಲಯದಲ್ಲಿದೆ. ಚಾರಣಿಗರಿಗೆ ಅಂಥ ಗಟ್ಟಿ ಉಪಕರಣ ಬೇಕಿಲ್ಲ. 50ರಿಂದ 70 ಸೆಂಟಿಮೀಟರ್ ಉದ್ದದ, ಅಲ್ಯೂಮಿನಿಯಂ ಕಾವಿನ, 200ರಿಂದ 400 ಗ್ರಾಮ್ ತೂಕದ ನೇರ ಐಸ್ ಆ್ಯಕ್ಸ್ ಸಾಕು. ತಲೆಯೂ ಅಲ್ಯೂಮಿನಿಯಂ ಆಗಿರುವ ಅತಿ ಹಗುರ ಮಾದರಿಗಳು ಹಿಮಕ್ಕೆ ಸರಿಹೋದರೂ ಮಂಜುಗಡ್ಡೆಯ ಮೇಲೆ ಚಿಮ್ಮಿ ಹಿಂದಕ್ಕೆ ಬರುತ್ತವೆ, ಕಲ್ಲಿಗೆ ತಾಗಿದರೆ ಬೇಗ ಮೊಂಡಾಗುತ್ತವೆ. ಕಾವು ಉದ್ದವಾದಷ್ಟೂ ಊರುಗೋಲಾಗಿ ಒಳ್ಳೆಯದು, ಗಿಡ್ಡವಾದಷ್ಟೂ ಜಾರುವಾಗ ನಿಯಂತ್ರಿಸಲು ಸುಲಭ.

ಸಾಮಾನ್ಯ ಚಾರಣಿಗರ ಕಲ್ಪನೆಯಲ್ಲಿ ಐಸ್ ಆ್ಯಕ್ಸ್ ಎಂದರೆ ಜಾರುತ್ತಿರುವ ದೇಹವನ್ನು ನಿಲ್ಲಿಸುವ ಸಾಧನ. ಅದು ಅದರ ಎರಡನೆಯ ಕೆಲಸ. ಮೊದಲ ಕೆಲಸ ಜಾರದಂತೆ ನೋಡಿಕೊಳ್ಳುವುದು. ಈ ಕ್ರಮ ತಲೆಕೆಳಗಾಗಿರುವುದೇ ಇಂದಿನ ಸಿದ್ಧತೆಯ ದೊಡ್ಡ ದೋಷವೆಂದು ಹೇಳಬೇಕಾಗುತ್ತದೆ. ನಡೆಯುವಾಗ ಉಪಕರಣವನ್ನು ಇಳಿಜಾರಿನ ಮೇಲ್ಬದಿಯ ಕೈಯಲ್ಲಿ ಹಿಡಿದು, ಎರಡೂ ಕಾಲು ಭದ್ರವಾಗಿರುವಾಗ ಮಾತ್ರ ಅದನ್ನು ಕಿತ್ತು ಮುಂದೆ ಊರಿ, ಕಾವು ಸಾಧ್ಯವಾದಷ್ಟು ಆಳ ಇಳಿದ ಮೇಲೆಯೇ ಒಂದೊಂದಾಗಿ ಹೆಜ್ಜೆ ಎತ್ತಬೇಕು. ಕಾಲು ಜಾರಿದರೆ ಆ ಕೈ ತಲೆಯನ್ನು ಬಿಡದೆ, ಇನ್ನೊಂದು ಕೈ ಹಿಮದ ಮಟ್ಟದಲ್ಲಿ ಕಾವನ್ನು ಹಿಡಿದರೆ, ಜಾರುವಿಕೆ ಆರಂಭವಾಗುವ ಮೊದಲೇ ಮುಗಿಯುತ್ತದೆ. ಇದನ್ನು ಸ್ವ-ಆಧಾರ ಎನ್ನಬಹುದು. ಜೊತೆಗೆ ಹತ್ತುವಾಗ ಬೂಟಿನ ಮುಂತುದಿಯನ್ನು ಹಿಮಕ್ಕೆ ಒದ್ದು ಮೆಟ್ಟಿಲು ಮಾಡುವುದು, ಇಳಿಯುವಾಗ ಮೈಯನ್ನು ಹಿಂದಕ್ಕೆ ವಾಲಿಸದೆ ಹಿಮ್ಮಡಿಯನ್ನು ಭಾರ ಕೊಟ್ಟು ಊರುವುದು, ತಿರುವಿನಲ್ಲಿ ನಿಂತು ಉಪಕರಣವನ್ನು ಕೈ ಬದಲಾಯಿಸುವುದು ಇವೆಲ್ಲ ನೋಡಲು ಸಾಧಾರಣವಾದರೂ ಜೀವ ಉಳಿಸುವ ಬಹುಪಾಲು ಕೆಲಸವನ್ನು ಮಾಡುವುದು ಇವೇ.

ಸ್ವ-ಆಧಾರ ತಪ್ಪಿದಾಗ ಸ್ವ-ತಡೆಯ ಸರದಿ ಬರುತ್ತದೆ. ಒಂದು ಕೈ ಉಪಕರಣದ ತಲೆಯ ಮೇಲೆ, ಹೆಬ್ಬೆರಳು ಬಾಚಿಯ ಕೆಳಗೆ; ಬಾಚಿ ಕೊರಳೆಲುಬಿನ ಬಳಿ, ಕೊಕ್ಕು ಭುಜದ ಪಕ್ಕದ ಹಿಮದೊಳಕ್ಕೆ; ಕಾವು ಎದೆಯ ಮೇಲೆ ಓರೆಯಾಗಿ ಹಾದು ಇನ್ನೊಂದು ಕೈ ಸೊಂಟದ ಬಳಿ ಮೊನೆಯನ್ನು ಮುಚ್ಚಿ ಹಿಡಿದಿರಬೇಕು, ಇಲ್ಲವಾದರೆ ಅದೇ ಮೊನೆ ತೊಡೆಯನ್ನು ಚುಚ್ಚಬಹುದು. ಎದೆಯ ಭಾರವೆಲ್ಲ ಉಪಕರಣದ ಮೇಲೆ ಬೀಳುವಂತೆ ಕವುಚಿ, ಬೆನ್ನನ್ನು ಕೊಂಚ ಮೇಲೆತ್ತಿ, ಕಾಲುಗಳನ್ನು ಅಗಲಿಸಿ ಬೂಟಿನ ತುದಿಗಳಿಂದ ಹಿಮವನ್ನು ಅಗೆಯಬೇಕು. ಕಾಲಿಗೆ ಕ್ರ್ಯಾಂಪಾನ್, ಅಂದರೆ ಬೂಟಿನಡಿ ಬಿಗಿಯುವ ಉದ್ದ ಹಲ್ಲುಗಳ ಚೌಕಟ್ಟು ಇದ್ದರೆ ಮಾತ್ರ ಪಾದಗಳನ್ನು ಮೇಲೆತ್ತಿಯೇ ಇರಬೇಕು. ವೇಗದಲ್ಲಿ ಆ ಹಲ್ಲು ಹಿಮಕ್ಕೆ ಕಚ್ಚಿದರೆ ಕಣಕಾಲು ಮುರಿಯುತ್ತದೆ ಅಥವಾ ದೇಹ ಪಲ್ಟಿ ಹೊಡೆಯುತ್ತದೆ. ಬಿದ್ದವನು ಯಾವಾಗಲೂ ಅನುಕೂಲವಾಗಿ ಕಾಲು ಕೆಳಗಾಗಿ ಕವುಚಿ ಬೀಳುವುದಿಲ್ಲವಾದ್ದರಿಂದ, ಅಂಗಾತ ಬಿದ್ದಾಗ ಕೊಕ್ಕಿನ ಕಡೆಗೆ ಹೊರಳುವುದನ್ನು, ಕವುಚಿಯೋ ಅಂಗಾತವೋ ತಲೆ ಕೆಳಗಾಗಿ ಬಿದ್ದಾಗ ಕೊಕ್ಕನ್ನು ಪಕ್ಕದ ಹಿಮಕ್ಕೆ ಊರಿ ಅದನ್ನೇ ತಿರುಗಣೆ ಮಾಡಿಕೊಂಡು ಕಾಲುಗಳನ್ನು ಕೆಳಮುಖವಾಗಿ ತಿರುಗಿಸಿಕೊಳ್ಳುವುದನ್ನು ಕಲಿಯಬೇಕು. ಹೀಗೆ ನಾಲ್ಕು ಬಗೆಯ ಬೀಳುವಿಕೆಯನ್ನೂ ಎರಡೂ ಕೈಗಳಿಂದ, ತಳದಲ್ಲಿ ಬಂಡೆಯಿಲ್ಲದೆ ಮೆಲ್ಲಗೆ ಸಮತಟ್ಟಾಗುವ ಇಳಿಜಾರಿನಲ್ಲಿ, ಹೆಲ್ಮೆಟ್ಟು ಕೈಗವಸು ತೊಟ್ಟು, ಕ್ರ್ಯಾಂಪಾನ್ ಕಳಚಿಟ್ಟು, ಕೊನೆಗೆ ಹೊರೆಯನ್ನೂ ಹೊತ್ತು ಅಭ್ಯಾಸ ಮಾಡಬೇಕಾಗುತ್ತದೆ. ಚಿತ್ರ ನೋಡಿ, ವಿವರಣೆ ಓದಿ ಇದು ಬರುವುದಿಲ್ಲ. ಈಜನ್ನು ದಡದ ಮೇಲೆ ಕಲಿಯಲಾಗದಂತೆಯೇ ಇದೂ ಕೂಡ. ಅಷ್ಟಾದ ಮೇಲೂ ಮಂಜುಗಡ್ಡೆಯ ಮೇಲೆ ಕೊಕ್ಕು ಕಚ್ಚುವುದಿಲ್ಲ, ತೀರ ಮೃದು ಹಿಮದಲ್ಲಿ ನೇಗಿಲಿನಂತೆ ಸೀಳಿಕೊಂಡು ಹೋಗುತ್ತದೆ ಎಂಬ ಮಿತಿಗಳು ಉಳಿದೇ ಇರುತ್ತವೆ.

ಐಸ್ ಆ್ಯಕ್ಸ್ ಬೇಡವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರ ಪ್ರಕಾರ, ಸಾಮಾನ್ಯ ವರ್ಷದ ಜೂನ್ ಮಧ್ಯಭಾಗದ ನಂತರ ಸಿಯೆರಾದ ಹೆಚ್ಚಿನ ಹಿಮ 25 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲಿರುತ್ತದೆ. ಅಲ್ಲಿ ಎರಡು ನಡಿಗೆಗೋಲುಗಳು ಮತ್ತು ಮೈಕ್ರೋಸ್ಪೈಕ್, ಅಂದರೆ ಬೂಟಿನ ಮೇಲೆ ರಬ್ಬರಿನಿಂದ ಎಳೆದು ಹಾಕುವ ಗಿಡ್ಡ ಹಲ್ಲುಗಳ ಸರಪಳಿ, ಉಪಕರಣಕ್ಕಿಂತ ಹೆಚ್ಚು ಸಮತೋಲನ ಕೊಡುತ್ತವೆ. ಅಭ್ಯಾಸವಿಲ್ಲದವನ ಕೈಯಲ್ಲಿ ಚೂಪಾದ ಉಪಕರಣ ಅವನಿಗೇ ಗಾಯ ಮಾಡುತ್ತದೆ. ಸೌಮ್ಯ ಇಳಿಜಾರಿಗೆ ಈ ಮಾತೆಲ್ಲ ಸರಿಯೇ. ಆದರೆ ನಡಿಗೆಗೋಲು ಜಾರಿದ ದೇಹವನ್ನು ತಡೆಯಲಾರದು, ಮೈಕ್ರೋಸ್ಪೈಕಿನ ಹಲ್ಲು ಅಡ್ಡ ಇಳಿಜಾರಿನಲ್ಲಿ ಬೂಟಿನಿಂದ ಪಕ್ಕಕ್ಕೆ ಹೊರಳುತ್ತದೆ, ಮತ್ತು ಫಾರೆಸ್ಟರ್ ಪಾಸಿನ ದಕ್ಷಿಣ ಮುಖದ ತುದಿಯಲ್ಲಿ ದಾರಿಯು ಅಡ್ಡಲಾಗಿ ಹಾಯುವ ಆ ಕಿರಿದಾದ, ಕಡಿದಾದ ಹಿಮದ ಕೊರಕಲು ಕೆಲವೇ ಹೆಜ್ಜೆಗಳಷ್ಟಿದ್ದರೂ ಅಲ್ಲಿ ತಪ್ಪಿಗೆ ಎಡೆಯೇ ಇಲ್ಲ. ನೂರಾರು ಕಿಲೋಮೀಟರ್ ಹೊತ್ತ ಉಪಕರಣ ಇಪ್ಪತ್ತು ಹೆಜ್ಜೆಗೆ ಮಾತ್ರ ಬೇಕಾದರೂ ಹೊತ್ತದ್ದು ವ್ಯರ್ಥವಲ್ಲ. ತುದಿಯಲ್ಲಿ ಕೊಕ್ಕು ಜೋಡಿಸಿದ ನಡಿಗೆಗೋಲನ್ನು ಮಧ್ಯಮಾರ್ಗವೆಂದು ಕೆಲವರು ಒಪ್ಪಿದ್ದಾರೆ. ಸ್ವ-ಆಧಾರಕ್ಕೆ ಅದರ ತೆಳು ಕೋಲು ಸಾಲದಾದ್ದರಿಂದ ಅದನ್ನು ಪೂರಕವೆನ್ನಬಹುದೇ ಹೊರತು ಬದಲಿ ಎನ್ನಲಾಗದು.

ಇದಕ್ಕಿಂತ ಗಂಭೀರವಾದ ತಪ್ಪು ಕಲ್ಪನೆ, ಹಿಮದ ಅಪಾಯ ಕೆನಡಿ ಮೆಡೋಸಿನ ಆಚೆಗೆ ಮಾತ್ರ ಇದೆಯೆಂಬುದು. ಅನೇಕರು ಐಸ್ ಆ್ಯಕ್ಸನ್ನು ಅಂಚೆಯಲ್ಲಿ ಅಲ್ಲಿಗೇ ಕಳುಹಿಸಿ, ಮರುಭೂಮಿಯ ಭಾಗವನ್ನು ಅದಿಲ್ಲದೆ ನಡೆಯುತ್ತಾರೆ. ಆದರೆ ಆ ಮರುಭೂಮಿಯ ನಡುವೆಯೇ 3,300 ಮೀಟರ್ ಎತ್ತರದ ಸಾನ್ ಹಸಿಂಟೊ ಪರ್ವತವಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಅದರ ನೆರಳಿನ ಬದಿಗಳು ದಿನವಿಡೀ ಬಿಸಿಲು ಕಾಣದೆ ಮಂಜುಗಡ್ಡೆಯಾಗಿರುತ್ತವೆ. 2020ರ ಮಾರ್ಚ್‌ನಲ್ಲಿ ಅಲ್ಲಿನ ಅಪಾಚೆ ಪೀಕ್‌ನ ಬಳಿ ಒಬ್ಬ ಯುವ ಚಾರಣಿಗ ಜಾರಿ ಬಿದ್ದು ಪ್ರಾಣ ಕಳೆದುಕೊಂಡ. ಕ್ಯಾಂಪೋದಿಂದ ಹೊರಟವರು ಎರಡು ವಾರಗಳೊಳಗೆ, ಇನ್ನೂ ಮೈ ಹದಗೊಳ್ಳುವ ಮುನ್ನವೇ ತಲುಪುವ ಜಾಗ ಅದು.

ಹಿಮದ ಮೇಲೆ ಮುಂದೆ ಹೋದವರ ಹೆಜ್ಜೆಗುರುತುಗಳು ಕೊಡುವ ಧೈರ್ಯವನ್ನೂ ಇಲ್ಲಿ ಹೇಳಬೇಕು. ದಿನಕ್ಕೆ ಐವತ್ತು ಮಂದಿಯವರೆಗೆ ದಕ್ಷಿಣ ತುದಿಯಿಂದ ಹೊರಡಲು ಪರವಾನಗಿ ಇರುವುದರಿಂದ ಸಾಮಾನ್ಯ ವರ್ಷಗಳಲ್ಲಿ ಪಾಸ್‌ಗಳ ಮೇಲೆ ಆಳವಾದ ಕಾಲುಜಾಡು ಬಿದ್ದಿರುತ್ತದೆ. ಹಿಂದಿನ ಮಧ್ಯಾಹ್ನ ಮೃದು ಹಿಮದಲ್ಲಿ ಮೂಡಿದ ಆ ಹೆಜ್ಜೆಗಳೇ ಮರುದಿನ ಮುಂಜಾನೆ ಇಳಿಜಾರಾಗಿ ಹೆಪ್ಪುಗಟ್ಟಿದ ಗಾಜಿನ ಬಟ್ಟಲುಗಳಾಗಿರುತ್ತವೆ. ಮೊದಲನೆಯವನು ದಾರಿ ತಪ್ಪಿದ್ದರೆ ಹಿಂದಿನ ನಲವತ್ತು ಮಂದಿಯೂ ತಪ್ಪಿರುತ್ತಾರೆ. ನಕ್ಷೆ ಓದಬಲ್ಲವನು ಮಾತ್ರ ಜಾಡನ್ನು ಬಿಟ್ಟು ಸೌಮ್ಯವಾದ ಇಳಿಜಾರನ್ನು ಆಯ್ದುಕೊಳ್ಳಬಲ್ಲ. ಚಳಿಯಲ್ಲಿ ಮೊಬೈಲಿನ ಬ್ಯಾಟರಿ ಬೇಗ ಬತ್ತುವುದರಿಂದ ಕಾಗದದ ನಕ್ಷೆ ಇನ್ನೂ ಹಳತಾಗಿಲ್ಲ.

ಹಿಮಕುಸಿತದ ಅಪಾಯ ಬೇಸಿಗೆಯ ಸಿಯೆರಾದಲ್ಲಿ ಚಳಿಗಾಲಕ್ಕಿಂತ ಕಡಿಮೆಯಾದರೂ, ಹೊಸ ಹಿಮ ಬಿದ್ದ ಮರುದಿನ ಮತ್ತು ರಾತ್ರಿ ಹೆಪ್ಪುಗಟ್ಟದ ಬಿಸಿ ದಿನಗಳಲ್ಲಿ ಅದು ಮರಳುತ್ತದೆ. ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಆಗುತ್ತವೆ, ಅಂದರೆ ಪಾಸ್‌ಗಳ ಕೊನೆಯ ಏರಿನಷ್ಟೇ ಕಡಿದಾದಲ್ಲಿ. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ಕಡಿದಾಗಿ ಇಳಿಯುವುದರಿಂದ ಹೊರಗಿನ ನೆರವನ್ನು ನೆಚ್ಚುವಂತಿಲ್ಲ. 2022ರ ಅಕ್ಟೋಬರಿನಲ್ಲಿ ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಪರ್ವತಾರೋಹಣದ ತರಬೇತಿಯಲ್ಲಿದ್ದವರ ತಂಡದ ಮೇಲೆಯೇ ಹಿಮ ಕುಸಿದು 29 ಮಂದಿ ಬಲಿಯಾದದ್ದನ್ನು ನೆನೆದರೆ, ಕೌಶಲವು ಈ ಅಪಾಯವನ್ನು ಕುಗ್ಗಿಸಬಲ್ಲದೇ ಹೊರತು ಅಳಿಸಲಾರದೆಂಬುದು ತಿಳಿಯುತ್ತದೆ. ಬಿಸಿಲಿನ ವಿಷಯವೂ ಚಿಕ್ಕದಲ್ಲ: ಹೊಸ ಹಿಮ ಅತಿನೇರಳೆ ಕಿರಣಗಳ ಶೇಕಡಾ 80ರವರೆಗೆ ಮರಳಿ ಎಸೆಯುವುದರಿಂದ ಕಪ್ಪು ಕನ್ನಡಕವಿಲ್ಲದ ಒಂದೇ ದಿನದಲ್ಲಿ ಕಣ್ಣು ಸುಟ್ಟು, ರಾತ್ರಿಯ ಹೊತ್ತಿಗೆ ಮರಳು ತುಂಬಿದಂತಾಗಿ, ತೆರೆಯಲಾರದಂತಾಗುತ್ತದೆ.

ಚಳಿಯಿಂದ ದೇಹದ ಉಷ್ಣ ಕುಸಿಯುವ ಅಪಾಯವನ್ನು ಕನ್ನಡಿಗರಿಗೆ ದೂರದ ಉದಾಹರಣೆಯಿಂದ ವಿವರಿಸಬೇಕಾಗಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ಚಾರಣ ತಂಡ ನಾಲ್ಕು ಸಾವಿರ ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ತೆತ್ತರು. ಜೂನ್ ಎಂದರೆ ಬೇಸಿಗೆ ಎಂಬ ಭಾವನೆ ಆ ಎತ್ತರದಲ್ಲಿ ನಿಲ್ಲುವುದಿಲ್ಲ. ಹಿಮದ ಪರಿಚಯವಿಲ್ಲದ ನಾಡಿನಿಂದ ಹಿಮಾಲಯಕ್ಕೋ ಸಿಯೆರಾಕ್ಕೋ ಹೋಗುವವರಿಗೆ, ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಮತ್ತು ಉತ್ತರಕಾಶಿಯಲ್ಲಿ 1965ರಲ್ಲಿ ಆರಂಭವಾದ ಪರ್ವತಾರೋಹಣ ಸಂಸ್ಥೆಗಳು ಸುಮಾರು ನಾಲ್ಕು ವಾರಗಳ ಮೂಲ ಶಿಕ್ಷಣದಲ್ಲಿ ಐಸ್ ಆ್ಯಕ್ಸಿನ ಬಳಕೆಯನ್ನು ಹಿಮದ ಮೇಲೆಯೇ ಕಲಿಸುತ್ತವೆ. ಚಾರಣಕ್ಕೆಂದು ಖರ್ಚು ಮಾಡುವ ಹಣ ಮತ್ತು ರಜೆಯ ಒಂದು ಪಾಲನ್ನು ಅದಕ್ಕೆ ಮೀಸಲಿಡುವುದು ಸಲ್ಲುವ ಕೆಲಸ.

ಹಿಮ ಹೆಚ್ಚಿದ್ದ 2017ರ ಬೇಸಿಗೆಯಲ್ಲಿ ಸಿಯೆರಾದ ಭಾಗದಲ್ಲಿ ಪಿಸಿಟಿ ನಡೆಯುತ್ತಿದ್ದ ಇಬ್ಬರು ಮಹಿಳೆಯರು ಸತ್ತದ್ದು ಇಳಿಜಾರಿನಲ್ಲಲ್ಲ, ಬೇರೆ ಬೇರೆ ಹೊಳೆಗಳಲ್ಲಿ ಕೊಚ್ಚಿಹೋಗಿ. ಕರಗಿದ ಹಿಮವೇ ಹೊಳೆಯಾಗಿ ಬರುವುದರಿಂದ ಅದನ್ನೂ ಹಿಮದ ಸುರಕ್ಷತೆಯ ಭಾಗವೆಂದೇ ಎಣಿಸಬೇಕು. ನೀರು ಮುಂಜಾನೆ ತಗ್ಗಿದ್ದು, ಹಗಲಿನ ಕರಗುವಿಕೆ ಕಣಿವೆಗೆ ಇಳಿದ ಮೇಲೆ ಸಂಜೆಯ ಹೊತ್ತಿಗೆ ಉಕ್ಕುತ್ತದೆ. ದಾಟುವಾಗ ಹೊರೆಯ ಸೊಂಟಪಟ್ಟಿಯನ್ನು ಬಿಚ್ಚಿಟ್ಟುಕೊಳ್ಳುವುದು, ಕೆಳಗೆ ಮರದ ದಿಮ್ಮಿಗಳಿಲ್ಲದ ಅಗಲವಾದ ಜಾಗವನ್ನು ಹುಡುಕಿ ದಡದ ಮೇಲೆ ಅರ್ಧ ಗಂಟೆಯಾದರೂ ನಡೆಯುವುದು, ತಂಡವಾಗಿ ಕೈಹಿಡಿದು ಹೋಗುವುದು ತಿಳಿದ ಉಪಾಯಗಳೇ. ತೊಡಕಿರುವುದು ಇನ್ನೊಂದು ಕಡೆ: ಪಾಸ್ ದಾಟಲೂ ಮುಂಜಾನೆಯೇ ಬೇಕು, ಹೊಳೆ ದಾಟಲೂ ಮುಂಜಾನೆಯೇ ಬೇಕು. ಬೆಳಿಗ್ಗೆ ಪಾಸ್ ಏರಿದವನು ಮಧ್ಯಾಹ್ನ ಆಚೆಯ ಕಣಿವೆಯ ಹೊಳೆಯನ್ನು ಅದು ತುಂಬಿ ಹರಿಯುವ ಹೊತ್ತಿಗೇ ತಲುಪುತ್ತಾನೆ. ಅಲ್ಲಿ ಡೇರೆ ಹಾಕಿ ಮರುದಿನ ನಸುಕಿನಲ್ಲಿ ದಾಟಿದರೆ ಮುಂದಿನ ಪಾಸ್ ಹಿಮ ಮೃದುವಾದ ಮೇಲೆ ಎದುರಾಗುತ್ತದೆ. ಹೀಗೆ ಮರುಭೂಮಿಯಲ್ಲಿ ದಿನಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರ್ ನಡೆದವರ ವೇಗ ಇಲ್ಲಿ ಅರ್ಧಕ್ಕೆ, ಹಿಮ ಹೆಚ್ಚಿದ್ದರೆ ಅದಕ್ಕೂ ಕೆಳಗೆ ಇಳಿಯುತ್ತದೆ. ಇದನ್ನು ಮೊದಲೇ ಒಪ್ಪಿಕೊಳ್ಳದೆ ಆರು ದಿನದ ಊಟ ಮಾತ್ರ ಹೊತ್ತವನು ಐದನೆಯ ಸಂಜೆ ಉಕ್ಕುವ ಹೊಳೆಯ ದಡದಲ್ಲಿ ನಿಂತಾಗ, ಬೆಳಗಿನವರೆಗೆ ಕಾಯಲು ಅವನ ಹೊಟ್ಟೆ ಬಿಡುವುದಿಲ್ಲ. ಒಂದು ಕಿಲೋಗೂ ಹೆಚ್ಚು ತೂಗುವ ಕರಡಿ ಡಬ್ಬಿಯೊಳಗೆ, ಅಂದರೆ ಕರಡಿಗೆ ತೆರೆಯಲಾಗದ ಊಟದ ಡಬ್ಬಿಯೊಳಗೆ, ಇನ್ನೆರಡು ದಿನದ ಅವಲಕ್ಕಿಯನ್ನೋ ಓಟ್ಸನ್ನೋ ಒತ್ತಿ ತುಂಬಿಕೊಂಡವನು ಮಾತ್ರ ಅಲ್ಲೇ ಡೇರೆ ಹಾಕಬಲ್ಲ.